ಮುಯ್ಯಿಯ ಪುಸ್ತಕ



ಬಶೀರ್‌ಬಾಗ್ ಹತ್ತಿರದ ನಿಜಾಂ ಕಾಲೇಜು ಮೈದಾನ ನಿಮಗೆಲ್ಲ ಗೊತ್ತು. 2003ರ ಜನವರಿ 2ರಿಂದ 7ರವರೆಗೆ ಏಷ್ಯಾ ಸಾಮಾಜಿಕ ವೇದಿಕೆ ಸೇರಿದ್ದು ಈ ನಮ್ಮ ಹೈದರಾಬಾದಿನಲ್ಲೇ. ಅದಕ್ಕೆ ಎರಡು ವರ್ಷ ಹಿಂದೆ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ಶುರುವಾಗಿದ್ದ, ಜನರ ಸಂಘಟನೆಗಳು ಕೂಡಿ ಮಾತಾಡುವ ವಿಶ್ವ ಸಾಮಾಜಿಕ ವೇದಿಕೆ ಮರುವರ್ಷ ಮುಂಬಯಿಗೆ ಬರುವುದಿತ್ತು. ಅದಕ್ಕೆ ಮೊದಲು ಏಷ್ಯಾದ ಜನ ಇಲ್ಲಿ ಕೂಡಿದ್ದರು. ಪೆಂಡಾಲಿನಿಂದ ಪೆಂಡಾಲಿಗೆ ಹೋಗುವಷ್ಟರಲ್ಲಿ ತೆಲುಗಿನ ಹಾಡು, ತಮಿಳಿನ ಪರೈ ತಮಟೆ, ಕೊರಿಯಾದ ಘೋಷಣೆ, ಉರ್ದುವಿನ ಭಾಷಣ ಒಂದರ ಮೇಲೊಂದು ಬಂದು ಕಿವಿಗೆ ಬೀಳುತ್ತಿದ್ದವು.

ನಾನು ಆಗ ಇನ್ನೂ ಚಿಕ್ಕವನು. ಬೀದರ್ ಜಿಲ್ಲೆಯ ಔರಾದ ಕಡೆಯಿಂದ ಬಂದಿದ್ದ ಇಬ್ಬರು ಕೂಲಿ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತು, ವೇದಿಕೆಯ ಮೇಲಿನ ಇಂಗ್ಲಿಷನ್ನು ಪಿಸುದನಿಯಲ್ಲಿ ಕನ್ನಡಕ್ಕೆ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಅವರು ಬಟ್ಟೆಯ ಗಂಟು ಬಿಚ್ಚಿ ಕಟಿರೊಟ್ಟಿ, ಶೇಂಗಾ ಹಿಂಡಿ ಕೊಡುತ್ತಿದ್ದರು. ಮೂರನೆಯ ದಿನ ಒಂದು ಸಣ್ಣ ಗುಂಪಿನ ಚರ್ಚೆಯಲ್ಲಿ ಅವರಲ್ಲಿ ಹಿರಿಯಾಕೆ ಮಾತಾಡಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ, ಬರೆದುಕೊಳ್ಳುವವರು ಬರೆದುಕೊಂಡರು, ನನ್ನ ನೋಟುಬುಕ್ಕಿನಲ್ಲೂ ನಾಲ್ಕು ಸಾಲು ಗೀಚಿಕೊಂಡೆ. ಎದ್ದು ಹೋಗುವಾಗ ಆಕೆ ಅಂದರು: "ಬರ್ದಿದ್ದು ನಮಗೂ ಒಂದ್ ಸಲ ಓದಿ ಹೇಳ್ರಿ." ಹೂಂ ಅಂದೆ. ಹೇಳಲಿಲ್ಲ.

ಇವತ್ತಿನ ದತ್ತಿ ಉಪನ್ಯಾಸಕ್ಕೆ ನಾನು ಕೊಟ್ಟ ವಿಷಯ, ಜಗತ್ತಿನ ನಾಗರಿಕ ಜಾಲಗಳಲ್ಲಿ ಸಹಕಾರ ಮತ್ತು ಜಂಟಿ ಪ್ರಸ್ತಾವ. ಈ ವಿಷಯದ ಮೇಲೆ ವಿದ್ವತ್ತಿನ ಗ್ರಂಥಗಳು ಬಂದಿವೆ. ಆದರೆ ನನಗೆ ಈ ವಿಷಯ ಅರ್ಥವಾಗುವುದು ನಮ್ಮ ಮನೆಗಳ ಒಂದು ಹಳೆಯ ವಸ್ತುವಿನಿಂದ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ. ನಮ್ಮ ಕಡೆ ಆಯೇರಿ ಅಂತಲೂ ಅನ್ನುತ್ತಾರೆ. ಚಪ್ಪರದ ಒಂದು ಕಡೆ ಹಿರಿಯರೊಬ್ಬರು ಕೂತು, ಯಾವ ಊರಿನ ಯಾರು ಏನು ಕೊಟ್ಟರು ಎಂದು ಬರೆಯುತ್ತಾರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿನಲ್ಲಿ ಮನೆಯ ಕಾಗದಪತ್ರಗಳ ಜೊತೆ ಸೇರುತ್ತದೆ. ಅವರ ಮನೆಯಲ್ಲಿ ಕಾರ್ಯ ಬಂದಾಗ ಅದನ್ನು ತೆಗೆದು ನೋಡಿ, ಕೊಟ್ಟದ್ದಕ್ಕೆ ಒಂದಿಷ್ಟು ಸೇರಿಸಿ ಮುಟ್ಟಿಸುತ್ತಾರೆ. ಹೊಲದಲ್ಲೂ ಅದೇ ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಮುಯ್ಯಾಳು ಅಂತ. ಸಹಕಾರ ಎಂಬ ಸಂಸ್ಕೃತ ಪದ ನಮ್ಮ ಹಳ್ಳಿಗೆ ಬರುವ ಎಷ್ಟೋ ಮೊದಲೇ ಮುಯ್ಯಿ ಇತ್ತು. ಇಸಕೊಂಡದ್ದನ್ನು ನೆನಪಿಡಬೇಕು, ತಿರುಗಿ ಮುಟ್ಟಿಸಬೇಕು. ಮುಯ್ಯಿ ನಿಂತಿರುವುದು ಈ ಎರಡರ ಮೇಲೆ.

ನನ್ನ ಮಾತು ಇಷ್ಟೇ: ಲೋಕದ ನಾಗರಿಕ ಜಾಲಗಳು ಜನರ ಮಾತನ್ನು ಇಸಕೊಳ್ಳುವುದರಲ್ಲಿ ತುಂಬ ಮುಂದೆ ಹೋಗಿವೆ, ಮುಯ್ಯಿಯ ಪುಸ್ತಕ ಇಡುವುದನ್ನು ಮಾತ್ರ ಇನ್ನೂ ಕಲಿಯಬೇಕಾಗಿದೆ.

ವಿಶ್ವ ಸಾಮಾಜಿಕ ವೇದಿಕೆಯನ್ನೇ ತೆಗೆದುಕೊಳ್ಳಿ. 2001ರ ಜೂನ್‌ನಲ್ಲಿ ಅದು ಒಪ್ಪಿಕೊಂಡ ತತ್ವಗಳ ಸನ್ನದಿನಲ್ಲಿ 14 ಅಂಶಗಳಿವೆ. ಆರನೆಯದು ಬಹಳ ಮುಖ್ಯ. ವೇದಿಕೆಯ ಹೆಸರಿನಲ್ಲಿ ಯಾರೂ ಮಾತಾಡಕೂಡದು. ಸೇರಿದವರೆಲ್ಲರ ಪರವಾಗಿ ಕೈ ಎತ್ತಿಸಿ ನಿರ್ಣಯ ಮಾಡಕೂಡದು. ಬೇಕಾದ ಸಂಘಟನೆಗಳು ತಮ್ಮ ತಮ್ಮ ಹೆಸರಿನಲ್ಲಿ ಒಟ್ಟಾಗಿ ಹೇಳಿಕೆ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ವೇದಿಕೆಯ ಸ್ಥಾಪಕರಲ್ಲಿ ಒಬ್ಬರಾದ ಶಿಕೊ ವಿಟಾಕರ್ ಇದನ್ನು ಊರ ನಡುವಿನ ಬಯಲಿಗೆ ಹೋಲಿಸುತ್ತಿದ್ದರು. ಬಯಲಿಗೆ ಒಡೆಯನಿಲ್ಲ. ಬಂದವರು ಕೂಡುತ್ತಾರೆ, ಮಾತಾಡುತ್ತಾರೆ, ಜೊತೆ ಸಿಕ್ಕವರೊಡನೆ ಮುಂದೆ ಹೋಗುತ್ತಾರೆ. ಈ ನಿಯಮದ ಹಿಂದೆ ನೊಂದ ಅನುಭವವಿತ್ತು. ನಿರ್ಣಯ ಬರೆಯುವ ಸಮಿತಿಯನ್ನು ಯಾವುದೋ ಒಂದು ಪಕ್ಷವೋ ಗುಂಪೋ ಹಿಡಿದುಕೊಂಡು ಉಳಿದವರನ್ನು ತನ್ನ ಹಿಂದೆ ಎಳೆದೊಯ್ದ ಸಮ್ಮೇಳನಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ನಾವೂ ಕಂಡಿದ್ದೇವೆ.

ಆದರೆ ಬಯಲಿಗೆ ಬಂದವರಿಗೆ ಹಸಿವೂ ಇರುತ್ತದೆ. ವರ್ಷ ವರ್ಷ ಕೂಡಿ, ಕೈ ಕೈ ಹಿಡಿದು ಹಾಡಿ, ಬರಿಗೈಲಿ ಹೋಗುವುದು ಎಷ್ಟು ದಿನ? 2005ರಲ್ಲಿ ಪೋರ್ಟೊ ಅಲೆಗ್ರೆಗೆ ಒಂದೂವರೆ ಲಕ್ಷದಷ್ಟು ಜನ ಸೇರಿದ್ದರು. ಪ್ರಸ್ತಾವಗಳ ಗೋಡೆ ಅಂತ ಒಂದನ್ನು ಮಾಡಿ, ಯಾರು ಬೇಕಾದರೂ ತಮ್ಮ ಪ್ರಸ್ತಾವವನ್ನು ಅದರ ಮೇಲೆ ಹಚ್ಚಬಹುದು ಎಂದರು. ಮುನ್ನೂರಕ್ಕೂ ಹೆಚ್ಚು ಬಂದವು. ಅದೇ ಹೊತ್ತಿಗೆ 19 ಮಂದಿ ಹೆಸರಾಂತ ಚಿಂತಕರು 12 ಪ್ರಸ್ತಾವಗಳ ಪ್ರಣಾಳಿಕೆಯೊಂದನ್ನು ಹೊರಡಿಸಿದರು. ಜೋಸೆ ಸರಮಾಗೊ, ಎಡುವಾರ್ಡೊ ಗಲಿಯಾನೊ, ಸಮೀರ್ ಅಮಿನ್ ಅವರಂಥವರು ಅದರಲ್ಲಿದ್ದರು. ಬಡದೇಶಗಳ ಸಾಲ ಮನ್ನಾ, ಹಣಕಾಸಿನ ವಹಿವಾಟಿನ ಮೇಲೆ ತೆರಿಗೆ, ತಮ್ಮ ಆಹಾರದ ಮೇಲೆ ಜನರಿಗೇ ಅಧಿಕಾರ, ಹೀಗೆ. ಒಂದೊಂದೂ ಒಪ್ಪತಕ್ಕದ್ದೇ. ಆದರೂ ಮೈದಾನದಲ್ಲಿ ಅಸಮಾಧಾನ ಎದ್ದಿತು. ಆ 19 ಜನರಲ್ಲಿ ಹೆಣ್ಣುಮಗಳು ಒಬ್ಬರೇ, ಮಾಲಿ ದೇಶದ ಅಮಿನಾತಾ ಟ್ರಾವೊರೆ. ಗೋಡೆಯ ಮೇಲಿನ ಮುನ್ನೂರಕ್ಕೂ ಈ ಹನ್ನೆರಡಕ್ಕೂ ನಡುವೆ ದಾರಿಯೇ ಇರಲಿಲ್ಲ. ಗೋಡೆಯ ಮೇಲಿದ್ದದ್ದು ಯಾರದ್ದೂ ಆಗಲಿಲ್ಲ, ಪ್ರಣಾಳಿಕೆಯಲ್ಲಿದ್ದದ್ದು ಎಲ್ಲರದ್ದೂ ಆಗಲಿಲ್ಲ.

ಬಯಲೋ, ಪ್ರಣಾಳಿಕೆಯೋ ಎಂಬ ಈ ಜಗಳ ಇಪ್ಪತ್ತು ವರ್ಷದಿಂದ ನಡೆದೇ ಇದೆ. ಅದರ ಹಿಂದೆಮುಂದೆ ಹೇಳುತ್ತ ಹೋದರೆ ಈ ಸಂಜೆ ಸಾಲದು. ಕರ್ನಾಟಕದ ನೆಲದಲ್ಲಿ ಇದೇ ಪ್ರಶ್ನೆ ಹೇಗೆ ಎದ್ದಿತ್ತು ಎನ್ನುವುದರ ಕಡೆ ಬರುತ್ತೇನೆ.

ಮುಕ್ತ ವ್ಯಾಪಾರವನ್ನು ವಿರೋಧಿಸುವ ಪೀಪಲ್ಸ್ ಗ್ಲೋಬಲ್ ಆಕ್ಷನ್ ಎಂಬ ಜಾಲ 1998ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಹುಟ್ಟಿತು. ಅದಕ್ಕೆ ಸದಸ್ಯತ್ವವಿರಲಿಲ್ಲ, ನೋಂದಣಿಯಿರಲಿಲ್ಲ, ಅದನ್ನು ಪ್ರತಿನಿಧಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಅದನ್ನು ಕಟ್ಟಿದವರಲ್ಲಿ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಮುಂಚೂಣಿಯಲ್ಲಿತ್ತು. 1999ರ ಮೇ ಕೊನೆಯಿಂದ ಜೂನ್‌ವರೆಗೆ ಭಾರತದ ನಾನೂರರಷ್ಟು ಜನ, ಬಹುಪಾಲು ರೈತರು, ಹಸಿರು ಶಾಲು ಹೊದ್ದುಕೊಂಡು ಬಸ್ಸುಗಳಲ್ಲಿ ಯುರೋಪು ಸುತ್ತಿದರು. ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಅಲ್ಲಿನ ರೈತರು ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತುಹಾಕಿದಾಗ ನಮ್ಮವರೂ ಜೊತೆಗಿದ್ದರು. ಶ್ರೀಮಂತ ದೇಶಗಳ ಶೃಂಗಸಭೆ ನಡೆಯುತ್ತಿದ್ದ ಜರ್ಮನಿಯ ಕಲೋನ್ ನಗರದಲ್ಲಿ ಯಾತ್ರೆ ಮುಗಿಯಿತು. ದಾವಣಗೆರೆ, ಹಾಸನ, ಶಿವಮೊಗ್ಗ ಕಡೆಯ ರೈತ ತನ್ನ ಭತ್ತದ ಬೆಲೆ ಎಲ್ಲಿ ಗೊತ್ತಾಗುತ್ತದೆ ಎಂದು ಆ ಊರಿಗೇ ಹೋಗಿ ನಿಂತು ನೋಡಿದ ಯಾತ್ರೆ ಅದು. ಆ ಧೈರ್ಯವನ್ನು ನೆನೆದರೆ ನನಗೆ ಇವತ್ತಿಗೂ ಎದೆ ತುಂಬುತ್ತದೆ.

ಆದರೆ ಆ ಯಾತ್ರೆಯಲ್ಲಿ ಹೆಂಗಸರು ಕಡಿಮೆ. ಯಾರು ಯಾರ ಪರವಾಗಿ ಮಾತಾಡುತ್ತಿದ್ದಾರೆ ಎಂಬ ಪ್ರಶ್ನೆ ಬಸ್ಸುಗಳ ಒಳಗೂ ಹೊರಗೂ ಎದ್ದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾಲದ ಎರಡನೆಯ ಸಮ್ಮೇಳನ ಬೆಂಗಳೂರಿನಲ್ಲಿ ಸೇರಿದಾಗ ಜಾಲ ತನ್ನ ಮೂಲ ಲಕ್ಷಣಗಳನ್ನೇ ತಿದ್ದಿಕೊಂಡಿತು. ಗಂಡಸಿನ ಯಜಮಾನಿಕೆ, ಜನಾಂಗಭೇದ, ಯಾವುದೇ ಧರ್ಮದ ಮೂಲಭೂತವಾದ, ಇವೆಲ್ಲವನ್ನೂ ನಿರಾಕರಿಸುತ್ತೇವೆ ಎಂಬ ಮಾತು ಅಲ್ಲಿ ಸೇರಿತು. ಮುಕ್ತ ವ್ಯಾಪಾರವನ್ನು ವಿರೋಧಿಸಿದರೆ ಸಾಕು, ಯಾರಾದರೂ ಬರಬಹುದು ಅಂದರೆ, ಬರಬಾರದವರೂ ಬಂದು ಪಕ್ಕದಲ್ಲಿ ಕೂರುತ್ತಾರೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು.

ಮರುವರ್ಷ, 2000ದ ಅಕ್ಟೋಬರ್‌ನಲ್ಲಿ, ಇನ್ನೊಂದು ಜಾಲ ಬೆಂಗಳೂರಿಗೆ ಬಂತು. 1993ರಲ್ಲಿ ಬೆಲ್ಜಿಯಂನ ಮೋನ್ಸ್ ಪಟ್ಟಣದಲ್ಲಿ ಹುಟ್ಟಿದ ಲಾ ವಿಯಾ ಕಂಪೆಸಿನಾ ಎಂಬ ರೈತರ ಅಂತರರಾಷ್ಟ್ರೀಯ ಸಂಘಟನೆಯ ಮೂರನೆಯ ಸಮ್ಮೇಳನ. ರೈತ ಸಂಘವೇ ಆತಿಥೇಯ. ಅಲ್ಲಿ ಆದ ಒಂದು ತೀರ್ಮಾನ ನನಗೆ ಹತ್ತು ಪ್ರಣಾಳಿಕೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಸಮನ್ವಯ ಸಮಿತಿಗೆ ಪ್ರತಿಯೊಂದು ಪ್ರದೇಶದಿಂದಲೂ ಒಬ್ಬ ಗಂಡಸು, ಒಬ್ಬ ಹೆಂಗಸು ಇರಲೇಬೇಕು ಎಂದು ನಿಯಮ ಮಾಡಿದರು. ಕುರ್ಚಿ ಹಂಚಿದ ಮೇಲೆ ಮಾತು ಬದಲಾಯಿತು. ಆ ಸಂಘಟನೆಯ ಕಚೇರಿಯೂ ಒಂದೇ ಕಡೆ ಬೇರು ಬಿಡಲಿಲ್ಲ. ಹೊಂಡುರಾಸ್, ಇಂಡೋನೇಷ್ಯಾ, ಜಿಂಬಾಬ್ವೆ, ಫ್ರಾನ್ಸ್ ಎಂದು ಕೆಲವು ವರ್ಷಕ್ಕೊಮ್ಮೆ ಖಂಡ ದಾಟುತ್ತ ಬಂದಿದೆ. ಕಾಗದಪತ್ರದ ಪೆಟ್ಟಿಗೆ ಹೊತ್ತು ತಿರುಗುವುದು ಸುಲಭದ ಕೆಲಸವಲ್ಲ, ಖರ್ಚಿನದು. ಆದರೆ ಯಾವ ಒಂದು ದೇಶದ ಗುಮಾಸ್ತರೂ ಉಳಿದವರಿಗೆ ಯಜಮಾನರಾಗುವುದು ತಪ್ಪಿತು. ಬೆಂಗಳೂರಿನಲ್ಲಿ ಸೇರಿದ ಈ ಎರಡು ಜಾಲಗಳಲ್ಲಿ ಮೊದಲನೆಯದು ಕೆಲವೇ ವರ್ಷಗಳಲ್ಲಿ ಮಸುಕಾಯಿತು. ಎರಡನೆಯದು ಇವತ್ತು 80ರಷ್ಟು ದೇಶಗಳ 180ಕ್ಕೂ ಹೆಚ್ಚು ಸಂಘಟನೆಗಳ ಕೂಟವಾಗಿ ನಿಂತಿದೆ. ಕಾರಣಗಳು ಹಲವು. ಯಾರು ಯಾರಿಗೆ ಉತ್ತರ ಹೇಳಬೇಕು ಎನ್ನುವುದನ್ನು ಎರಡನೆಯದು ಬರೆದಿಟ್ಟುಕೊಂಡಿತು ಎನ್ನುವುದು ಅವುಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಈಗ ಬೆಂಗಳೂರಿನಿಂದ ನಮ್ಮ ಹತ್ತಿರಕ್ಕೆ ಬರೋಣ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೋದರೆ ಜಹೀರಾಬಾದ್. ಅದನ್ನು ದಾಟಿದರೆ ನಮ್ಮ ಬೀದರ್ ಸೀಮೆ. 1956ಕ್ಕೆ ಮೊದಲು ಎಲ್ಲ ಒಂದೇ ರಾಜ್ಯವಾಗಿತ್ತು. ಅಲ್ಲಿನ ಸಂತೆಯಲ್ಲಿ ತೆಲುಗು, ಕನ್ನಡ, ಉರ್ದು, ಮರಾಠಿ ನಾಲ್ಕೂ ಒಂದೇ ಬಾಯಲ್ಲಿ ಬರುತ್ತವೆ. ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ಪಿರಿಯಾಪಟ್ಟಣದ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತವರು. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು ಅದನ್ನು ಬಿಟ್ಟು ದಲಿತ ಹೆಣ್ಣುಮಕ್ಕಳ ಸಂಘಗಳ ನಡುವೆ ಬದುಕು ಕಳೆದರು. 2023ರ ಮಾರ್ಚ್ 19ರಂದು ಈ ನಗರದಲ್ಲೇ ತೀರಿಕೊಂಡರು. ಈ ಊರಿನ ಕನ್ನಡಿಗರು ನಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಹೆಸರು ಅದು.

ಆ ಸಂಘಗಳಲ್ಲಿ ಬೀಜದ ವ್ಯವಹಾರ ಮುಯ್ಯಿಯ ಹಾಗೇ ನಡೆಯುತ್ತದೆ. ಬಿತ್ತನೆಗೆ ಬೀಜ ಇಸಕೊಂಡವಳು ರಾಶಿಯಾದ ಮೇಲೆ ಅದಕ್ಕಿಂತ ಹೆಚ್ಚು ಅಳೆದು ಹಿಂತಿರುಗಿಸುತ್ತಾಳೆ. ದುಡ್ಡಿನ ಮಾತಿಲ್ಲ. ಬೂದಿ, ಬೇವಿನ ಎಲೆ ಬೆರೆಸಿ ಬುಟ್ಟಿಯಲ್ಲಿಟ್ಟ ಸಜ್ಜೆ, ನವಣೆ, ಸಾವೆ, ತೊಗರಿ, ಕುಸುಬೆ, ಅಗಸೆ. ಯಾವ ಬುಟ್ಟಿ ಯಾವ ಮನೆಯಿಂದ ಬಂತು ಎನ್ನುವುದು ಓದುಬರಹ ಬಾರದ ಹೆಂಗಸಿಗೂ ಬಾಯಿಪಾಠ. ಸಂಕ್ರಾಂತಿ ಬಂತೆಂದರೆ ಈ ಬೀಜಗಳನ್ನು ಎತ್ತಿನ ಗಾಡಿಗಳಲ್ಲಿ ಸಿಂಗರಿಸಿ, ಒಂದು ತಿಂಗಳ ಕಾಲ ಊರೂರು ತಿರುಗಿಸುತ್ತಾರೆ. ಹಳೆಯ ಬೆಳೆಗಳ ಜಾತ್ರೆ. ಗಾಡಿ ಬಂದ ಊರಿನಲ್ಲಿ ಆರತಿ ಎತ್ತಿ ಇಳಿಸಿಕೊಳ್ಳುತ್ತಾರೆ, ಸಂಜೆ ಕೂತು ಮಾತಾಡುತ್ತಾರೆ, ಮರುದಿನ ಮುಂದಿನ ಊರಿಗೆ ಕಳಿಸಿಕೊಡುತ್ತಾರೆ.

2000ದಲ್ಲಿ ಕೇಂದ್ರ ಸರ್ಕಾರ ದೇಶದ ಜೀವವೈವಿಧ್ಯಕ್ಕೆ ಕಾರ್ಯಯೋಜನೆ ರೂಪಿಸಲು ಹೊರಟಾಗ, ಅದನ್ನು ಜನರನ್ನು ಕೇಳಿ ಬರೆಯುವ ಹೊಣೆ ಕಲ್ಪವೃಕ್ಷ ಸಂಸ್ಥೆಗೆ ಬಂತು. ಈ ಭಾಗದ ಯೋಜನೆಗೆ ಜನರ ಮಾತು ಕೂಡಿಸಿದ್ದು ಆ ಎತ್ತಿನ ಗಾಡಿಗಳೇ. ಪ್ರಶ್ನಾವಳಿ ಹಿಡಿದು ಹೋದರೆ ಬಾಯಿ ಬಿಡದವರು ಬೀಜದ ಬುಟ್ಟಿ ಮುಂದಿಟ್ಟರೆ ಗಂಟೆಗಟ್ಟಲೆ ಮಾತಾಡುತ್ತಾರೆ. ದೇಶದುದ್ದಕ್ಕೂ ಹೀಗೆ ಸಾವಿರಾರು ಜನರಿಂದ ಕೂಡಿಬಂದ ಆ ಯೋಜನೆಯನ್ನು ಸಚಿವಾಲಯ ಕೊನೆಗೆ ಒಪ್ಪಲಿಲ್ಲ. ಬರೆದವರೇ 2005ರಲ್ಲಿ ಅದನ್ನು ಪ್ರಕಟಿಸಿದರು. ಮೇಲೆ ಹೋದ ಕಾಗದದ ಗತಿ ಅದಾಯಿತು. ಆದರೆ ಗಾಡಿಗಳು ತಾವು ಹೋದ ಊರಿಗೆ ಮತ್ತೆ ಸಂಕ್ರಾಂತಿಗೆ ಬಂದವು. ಹೋದ ವರ್ಷ ಹೇಳಿದ ಮಾತು ಏನಾಯಿತು ಎಂದು ಕೇಳಲು ಊರವರಿಗೆ ಎದುರಿಗೆ ಒಬ್ಬರಿದ್ದರು.

ಇದೇ ನೆಲದಲ್ಲಿ, ಅಲ್ಗೋಲ್ ಎಂಬ ಹಳ್ಳಿಯಲ್ಲಿ, 2001ರ ಜೂನ್ ಕೊನೆಯ ವಾರ 'ಪ್ರಜಾತೀರ್ಪು' ನಡೆಯಿತು. ಆಗಿನ ಆಂಧ್ರ ಸರ್ಕಾರ ಮೆಕಿನ್ಸಿ ಎಂಬ ಸಲಹಾ ಕಂಪನಿಯ ನೆರವಿನಿಂದ ವಿಷನ್ 2020 ಎಂಬ ಮುನ್ನೋಟ ಬರೆಸಿತ್ತು. ಬೇಸಾಯದ ಮೇಲೆ ನಿಂತವರ ಪಾಲನ್ನು ನೂರಕ್ಕೆ 70ರಿಂದ 40ಕ್ಕೆ ಇಳಿಸಬೇಕು ಎಂಬುದು ಅದರಲ್ಲಿತ್ತು. ಇಳಿಸಬೇಕಾದವರನ್ನು ಯಾರೂ ಕೇಳಿರಲಿಲ್ಲ. ಅಲ್ಗೋಲ್‌ನಲ್ಲಿ ಅವರೇ ನ್ಯಾಯಸಭೆಯಾಗಿ ಕೂತರು. ತೆಲಂಗಾಣ, ರಾಯಲಸೀಮೆ, ಕರಾವಳಿ ಮೂರೂ ಕಡೆಯ ಸಣ್ಣ ಹಿಡುವಳಿದಾರರು, ಹೆಚ್ಚಿನವರು ಹೆಂಗಸರು, ಹಲವರು ದಲಿತರು, ಆದಿವಾಸಿಗಳು. ಅವರ ಮುಂದೆ ಮೂರು ಬಗೆಯ ನಾಳೆಗಳನ್ನು ವಿಡಿಯೊ ಮಾಡಿ ತೋರಿಸಿದರು: ಸರ್ಕಾರದ ಮುನ್ನೋಟದ್ದು ಒಂದು, ಸಾವಯವ ಬೆಳೆದು ಹೊರದೇಶಕ್ಕೆ ಮಾರುವುದು ಇನ್ನೊಂದು, ಊರಿನ ಆಹಾರ ಊರಿಗೇ ಎನ್ನುವುದು ಮೂರನೆಯದು. ಅಧಿಕಾರಿಗಳು, ವಿಜ್ಞಾನಿಗಳು, ಕಂಪನಿಯವರು ಸಾಕ್ಷಿ ಹೇಳಿದರು. ಇವರು ಪಾಟೀಸವಾಲು ಮಾಡಿದರು. ಕಲಾಪ ನೇರವಾಗಿದೆಯೇ ಎಂದು ನೋಡಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಒಂದು ಮಂಡಳಿ ಇತ್ತು. ಬೇಸಾಯಗಾರರನ್ನು ಹೊಲದಿಂದ ಎಬ್ಬಿಸುವುದು ಬೇಡ, ಗುತ್ತಿಗೆ ಬೇಸಾಯ ಬೇಡ, ಕುಲಾಂತರಿ ಬೆಳೆ ಬೇಡ, ನಮ್ಮ ಮಣ್ಣು, ಬೀಜ, ಕಾಡಿನ ಮೇಲೆ ನಮ್ಮ ಹಿಡಿತ ಇರಲಿ ಎಂಬುದು ತೀರ್ಪಿನ ತಿರುಳು.

ಮರುವರ್ಷ ತೀರ್ಪು ಲಂಡನ್‌ಗೆ ಹೋಯಿತು, ತೀರ್ಪು ಕೊಟ್ಟವರಲ್ಲೇ ಒಬ್ಬ ಹೆಣ್ಣುಮಗಳು ಅಲ್ಲಿನ ಪಾರ್ಲಿಮೆಂಟ್ ಭವನದಲ್ಲಿ ನಿಂತು ಅದನ್ನು ಹೇಳಿದಳು. ಆಂಧ್ರಕ್ಕೆ ನೆರವು ಕೊಡುತ್ತಿದ್ದ ಬ್ರಿಟನ್ನಿನ ಇಲಾಖೆ, ಇಷ್ಟು ಸಣ್ಣ ಸಭೆ ಇಡೀ ರಾಜ್ಯದ ಮಾತಾಗುವುದು ಹೇಗೆ ಎಂದು ಆಕ್ಷೇಪ ಎತ್ತಿತು. ಆ ಪ್ರಶ್ನೆ ಕೇಳಬಾರದ್ದೇನಲ್ಲ. ಆದರೆ ಮುನ್ನೋಟ ಬರೆದ ಸಲಹೆಗಾರರು ಎಷ್ಟು ಜನರ ಮಾತಾಗಿದ್ದರು ಎಂದು ಅದೇ ತಕ್ಕಡಿಯಲ್ಲಿ ತೂಗಿದವರು ಕಡಿಮೆ. 2009ರಲ್ಲಿ ರಾಯಚೂರಿನಲ್ಲಿ 'ರೈತ ತೀರ್ಪು' ಎಂಬ ಹೆಸರಿನಲ್ಲಿ ಕರ್ನಾಟಕದ ರೈತರು ಇದೇ ರೀತಿ ಕೂತು, ಕೃಷಿ ಸಂಶೋಧನೆ ಯಾರಿಗಾಗಿ ನಡೆಯಬೇಕು ಎಂದು ವಿಚಾರಣೆ ಮಾಡಿದರು. ಅಲ್ಗೋಲ್‌ನ ವಿಧಾನ ಗಡಿ ದಾಟಿ ಕನ್ನಡಕ್ಕೆ ಬಂದದ್ದು ಹೀಗೆ.

ಒಂದು ಪ್ರಸ್ತಾವ ಎಷ್ಟು ದೂರ ಹೋಗಬಹುದು, ಅದಕ್ಕೆ ಎಷ್ಟು ವರ್ಷ ಬೇಕು ಎಂಬುದಕ್ಕೆ ಇನ್ನೊಂದು ಕಥೆ ಹೇಳಬೇಕು. 2001ರ ಸುಮಾರಿಗೆ ಇಂಡೋನೇಷ್ಯಾದ ರೈತರು ರೈತರ ಹಕ್ಕುಗಳ ಪಟ್ಟಿಯೊಂದನ್ನು ಮಾಡಿದರು. ಅದು ಲಾ ವಿಯಾ ಕಂಪೆಸಿನಾದ ಸಭೆಯಿಂದ ಸಭೆಗೆ ತಿದ್ದಿಸಿಕೊಳ್ಳುತ್ತ 2008ರಲ್ಲಿ ಜಕಾರ್ತದಲ್ಲಿ ಘೋಷಣೆಯ ರೂಪಕ್ಕೆ ಬಂತು. 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅದಕ್ಕಾಗಿ ಕಾರ್ಯತಂಡ ನೇಮಿಸಿತು. ಬೊಲಿವಿಯಾ ಅದರ ಅಧ್ಯಕ್ಷತೆ ವಹಿಸಿತು. ಬೀಜದ ಹಕ್ಕು ಎಂಬ ಮಾತಿಗೆ ಶ್ರೀಮಂತ ದೇಶಗಳು ತಕರಾರು ತೆಗೆದವು. 2018ರ ಡಿಸೆಂಬರ್ 17ರಂದು ಮಹಾಸಭೆ 28 ವಿಧಿಗಳ ಆ ಘೋಷಣೆಯನ್ನು ಒಪ್ಪಿತು. ಪರ 121, ವಿರುದ್ಧ 8, ತಟಸ್ಥ 54. ಭಾರತ ಪರವಾಗಿತ್ತು. ಹದಿನೇಳು ವರ್ಷ! ಬೀಜವನ್ನು ಉಳಿಸಿಟ್ಟುಕೊಳ್ಳುವ, ಹಂಚಿಕೊಳ್ಳುವ, ಮಾರುವ ಹಕ್ಕು ಅದರ 19ನೆಯ ವಿಧಿ. ಪಸ್ತಾಪುರದ ಬುಟ್ಟಿಯಲ್ಲಿರುವುದು ಅದೇ ಹಕ್ಕು.

ಈ ಘೋಷಣೆಯನ್ನು ಕನ್ನಡಕ್ಕೆ ತರಬೇಕೆಂದು ನಾವು ಕೆಲವು ಗೆಳೆಯರು ಕೂತೆವು. ಮೊದಲ ಪದದಲ್ಲೇ ಸಿಕ್ಕಿಬಿದ್ದೆವು. ಘೋಷಣೆ ಯಾರ ಹಕ್ಕನ್ನು ಹೇಳುತ್ತದೆಯೋ ಅವರನ್ನು ಏನೆಂದು ಕರೆಯುವುದು? ನಮ್ಮೊಬ್ಬರದೇ ಕಷ್ಟವಲ್ಲ ಅದು. ಲಾ ವಿಯಾ ಕಂಪೆಸಿನಾ ಹುಟ್ಟಿದ ಮೋನ್ಸ್‌ನಲ್ಲೇ ಇಂಗ್ಲಿಷಿನ ಪೆಸೆಂಟ್ ಎಂಬ ಪದಕ್ಕೆ ಒಪ್ಪಿಗೆ ಸಿಗಲಿಲ್ಲ, ಅದರಲ್ಲಿ ಗಮಾರ ಎಂಬ ಧ್ವನಿಯಿದೆ ಎಂದು. ಕೊನೆಗೆ ಸ್ಪ್ಯಾನಿಷ್ ಹೆಸರನ್ನು ಯಾವ ಭಾಷೆಗೂ ತಿರುಗಿಸದೆ ಹಾಗೇ ಉಳಿಸಿಕೊಂಡರು. ನಾವು 'ರೈತ' ಎಂದು ಬರೆದೆವು. ರಯ್ಯತ್ ಎಂಬ ಅರಬ್ಬಿ ಮೂಲದ ಮಾತು ಫಾರಸಿ, ಉರ್ದು ದಾಟಿ ಬಂದು ಎಷ್ಟು ಶತಮಾನದಿಂದ ನಮ್ಮದಾಗಿದೆ. ಇದಕ್ಕಿಂತ ಸಹಜವಾದ ಪದ ಬೇಕೆ?

ಕರಡು ಹಿಡಿದು, ಜೋಳದ ರಾಶಿ ಮುಗಿದ ಮೇಲೆ, ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಓದಿದೆವು. ಗುಡಿಯ ಕಟ್ಟೆಯ ಮೇಲೆ ಮೂವತ್ತು ಜನ. ಓದಿ ಮುಗಿಸಿದಾಗ ಹೆಂಗಸರು ಸುಮ್ಮನಿದ್ದರು. ಚಲೋ ಆಗಿದೆಯೇ ಎಂದೆ. "ಚಲೋ ಅದರಿ. ರೈತರಿಗಿ ಚಲೋ ಆಗ್ತದ" ಅಂದರು. ನಿಮಗೆ? "ನಮಗೆಲ್ಲಿ ಹೊಲ ಅದರಿ? ನಾವು ಕೂಲಿ ಮಾಡೋರು." ಘೋಷಣೆಯ ಮೊದಲ ವಿಧಿ ಭೂಮಿ ಇಲ್ಲದವರನ್ನೂ, ಕೂಲಿಯವರನ್ನೂ, ಕುರಿ ಕಾಯುವವರನ್ನೂ, ಮೀನು ಹಿಡಿಯುವವರನ್ನೂ ಬಿಡಿಸಿ ಬಿಡಿಸಿ ಸೇರಿಸಿಕೊಳ್ಳುತ್ತದೆ. ಹದಿನೇಳು ವರ್ಷ ಹೋರಾಡಿ ಅವರನ್ನು ಒಳಗೆ ತಂದಿದ್ದರು. ನಮ್ಮ ಒಂದು ಪದ ಅವರನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಊರಿನಲ್ಲಿ ರೈತ ಅಂದರೆ ಪಹಣಿಯಲ್ಲಿ ಹೆಸರಿದ್ದವನು. ಹೊಲದಲ್ಲಿ ಮುಕ್ಕಾಲು ಕೆಲಸ ಮಾಡುವ ಹೆಣ್ಣುಮಗಳ ಹೆಸರು ಪಹಣಿಯಲ್ಲಿ ಇರುವುದೇ ಅಪರೂಪ.

"ಮಣ್ಣಾಗ ದುಡಿಯೋರು ಅಂತ ಬರೀರಿ" ಎಂದು ಒಬ್ಬಾಕೆ ಅಂದರು. ಎಲ್ಲರೂ ಒಪ್ಪಿದರು. ಹಿಂದೆ ಕೂತಿದ್ದ ಕುರಿಗಾಹಿ ಅಜ್ಜ ಮಾತ್ರ ತಲೆಯಾಡಿಸಿದರು: "ನಮ್ಮದು ಮಣ್ಣಲ್ಲಪ್ಪ, ಅಡವಿ." ಆ ಸಂಜೆ ಪದ ಇತ್ಯರ್ಥವಾಗಲಿಲ್ಲ. ಕರಡಿನಲ್ಲಿ ಎರಡನ್ನೂ ಬರೆದು, ಯಾರು ಯಾವುದನ್ನು ಹೇಳಿದರು, ಯಾಕೆ ಎಂದು ಪಕ್ಕದಲ್ಲಿ ಗುರುತು ಹಾಕಿದೆವು. ಲೋಕದ ಜಾಲಗಳು ಒಮ್ಮತಕ್ಕೆ ಅವಸರ ಮಾಡುತ್ತವೆ. ಒಪ್ಪದವರ ಮಾತನ್ನು ಒರೆಸಿ ನುಣ್ಣಗಿನ ಹೇಳಿಕೆ ಮಾಡುತ್ತವೆ. ಆ ನುಣುಪನ್ನು ನಾನು ಈಗ ನಂಬುವುದಿಲ್ಲ. ಅಜ್ಜನ ತಕರಾರು ಪ್ರಸ್ತಾವದ ಜೊತೆಗೇ ಜಿನೀವಾಕ್ಕೆ ಹೋಗಬೇಕು. 2023ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಮಂಡಳಿ ಈ ಘೋಷಣೆಯ ಜಾರಿಗಾಗಿ ತಜ್ಞರ ಕಾರ್ಯತಂಡವನ್ನು ರಚಿಸಿದೆ. ಕೇಳುವವರು ಅಲ್ಲಿದ್ದಾರೆ. ಹೇಳುವವರು ಇಲ್ಲಿದ್ದಾರೆ. ನಡುವೆ ಭಾಷೆ ಗೊತ್ತಿರುವವರು, ನಾವು ನೀವು, ಈ ಸಭೆಯಲ್ಲಿದ್ದೇವೆ. ಹೈದರಾಬಾದಿನ ಕನ್ನಡಿಗನಿಗೆ ನಾಲ್ಕು ಭಾಷೆ ಬಾಲ್ಯದಲ್ಲೇ ಬಂದಿರುತ್ತವೆ. ಲೋಕದ ಜಾಲಗಳಿಗೆ ದುಡ್ಡು ಕೊಟ್ಟರೂ ಸುಲಭವಾಗಿ ಸಿಗದ ಆಸ್ತಿ ಅದು. ಮುಂಬಯಿಯ 2004ರ ವೇದಿಕೆಯಲ್ಲಿ ಸಂಬಳವಿಲ್ಲದೆ ದುಡಿದ ಅನುವಾದಕರ ತಂಡಗಳು ಇಲ್ಲದಿದ್ದರೆ ಗೋರೆಗಾಂವ್‌ನ ಆ ಮೈದಾನದಲ್ಲಿ ಕೂಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ಈ ನಗರದಲ್ಲಿ ಕನ್ನಡ, ತೆಲುಗು, ಉರ್ದು ಬಲ್ಲ ಹತ್ತು ಜನ ತಿಂಗಳಿಗೆ ಒಂದು ಭಾನುವಾರ ಕೊಟ್ಟರೆ, ಘೋಷಣೆಯ 28 ವಿಧಿಗಳನ್ನೂ ಗಡಿಯ ಎರಡೂ ಕಡೆಯ ಹಳ್ಳಿಗಳಲ್ಲಿ ಓದಿ, ಅಲ್ಲಿನ ತಿದ್ದುಪಡಿಗಳನ್ನು ಬರೆದುಕೊಂಡು ಬರಬಹುದು. ಈ ದತ್ತಿಯ ಹೆಸರಿನಲ್ಲಿ ನಾನು ನಿಮ್ಮನ್ನು ಕೇಳುತ್ತಿರುವುದು ಅದನ್ನೇ.

ಕೊನೆಯದಾಗಿ, 2003ರ ನನ್ನ ಸಾಲ. ಆ ಇಬ್ಬರಲ್ಲಿ ಕಿರಿಯಾಕೆ ಪುಣೆಗೆ ದುಡಿಯಲು ಹೋಗಿ ಅಲ್ಲೇ ನೆಲೆಸಿದ್ದಾರೆ ಎಂದು ತಿಳಿಯಿತು. ಹಿರಿಯಾಕೆ ಊರಲ್ಲೇ ಇದ್ದರು. ಹಳೆಯ ನೋಟುಬುಕ್ಕು ಹುಡುಕಿ ತೆಗೆದುಕೊಂಡು ಹೋದೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ, ನಿಜಾಂ ಕಾಲೇಜಿನ ಮೈದಾನ ನೆನಪಿತ್ತು. ಅಂದು ಬರೆದಿದ್ದ ನಾಲ್ಕು ಸಾಲು ಓದಿದೆ: ಕೂಲಿ ಸಾಲುವುದಿಲ್ಲ, ದಿನಗೂಲಿ ಹೆಚ್ಚಿಸಬೇಕು ಎಂದು ಬೀದರ್ ಜಿಲ್ಲೆಯ ಮಹಿಳೆ ಒತ್ತಾಯಿಸಿದರು.

ಅವರು ತಡೆದರು. "ನಾ ಹಂಗ ಅಂದಿಲ್ರಿ. ರೂಪಾಯಿ ಮಾತೇ ಆಡಿಲ್ಲ. ಮೊದ್ಲ ಕೂಲಿ ಜೋಳದಾಗ ಕೊಡ್ತಿದ್ರು, ಸೇರು ಅಳದು. ಅದು ಬಿಟ್ಟು ರೊಕ್ಕ ಕೊಡೋಕ ಹತ್ಯಾರ. ರೊಕ್ಕ ಗಂಡಸರ ಕೈಗಿ ಹೋಗ್ತದ, ಮನ್ಯಾಗ ಕಾಳು ಇರಲ್ಲ. ಜೋಳಾನೇ ಕೊಡ್ರಿ ಅಂದಿದ್ದೆ."

ನಾನು ಪೆನ್ನು ತೆಗೆದು ಅಲ್ಲೇ, ಅವರ ಅಂಗಳದಲ್ಲಿ ಕೂತು, ಹಳೆಯ ಸಾಲನ್ನು ಹೊಡೆದುಹಾಕಿ ಅವರು ಹೇಳಿದ ಹಾಗೆ ಬರೆದೆ. ಮತ್ತೊಮ್ಮೆ ಓದಿ ಹೇಳಿದೆ. "ಹಾಂ, ಹಂಗ" ಅಂದರು. ಆ ನೋಟುಬುಕ್ಕು ಈಗ ಈ ಮೇಜಿನ ಮೇಲಿದೆ. ಅದರಲ್ಲಿ ನಾನು ಇಸಕೊಂಡ ಮಾತುಗಳು ಇನ್ನೂ ನಲವತ್ತೊಂದು ಇವೆ, ಊರಿನ ಹೆಸರುಗಳ ಸಮೇತ. ಮೊದಲನೆಯದು ಭಾಲ್ಕಿ ಹತ್ತಿರದ ಊರು. ಯುಗಾದಿ ಕಳೆದ ಮೇಲೆ ಅಲ್ಲಿಗೆ ಹೋಗುತ್ತೇನೆ.